ಮೈಯ ಬಿಸಿ ಆರುವ ಮುಂಚೆ

ಬೆಳಿಗ್ಗೆ ಆರು ಗಂಟೆಗೆ ಅಭ್ಯಾಸ ಎಂದರೆ ನಾನು ಐದೂವರೆಗೆ ಮೈದಾನದಲ್ಲಿ ಇರುತ್ತಿದ್ದೆ. ಸುಣ್ಣದ ಗೆರೆಗಳನ್ನು ನಾನೇ ಎಳೆಯುತ್ತಿದ್ದೆ. ಬೇರೆಯವರು ಎಳೆದರೆ ಮೂಲೆಯ ಹತ್ತಿರ ಗೆರೆ ಸೊಟ್ಟಗಾಗುತ್ತದೆ ಎಂದು ನನ್ನ ನಂಬಿಕೆ. ಚೆಂಡುಗಳಿಗೆ ಗಾಳಿ ಹೊಡೆದು, ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, ಗೋಡೆಯ ಪಕ್ಕ ಸಾಲಾಗಿ ಇಟ್ಟು, ಕೈ ತೊಳೆದು ಕೊರಳಿಗೆ ಸೀಟಿ ಹಾಕಿಕೊಳ್ಳುವ ಹೊತ್ತಿಗೆ ಆರಕ್ಕೆ ಎರಡು ನಿಮಿಷ ಇರುತ್ತಿತ್ತು. ಇಡೀ ದಿನದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಆ ಎರಡು ನಿಮಿಷ.

ಅದು ಕೋಡಂಬಾಕ್ಕಂನ ಒಂದು ಹೆಣ್ಣುಮಕ್ಕಳ ಶಾಲೆ. ನಾನು ಅಲ್ಲಿ ಪಿ.ಟಿ. ಟೀಚರ್. ಮೈದಾನದ ಒಂದು ಕಡೆಯ ಗೋಡೆಯ ಆಚೆ ಹಳೆಯ ಸಿನಿಮಾ ಸ್ಟುಡಿಯೊ. ವಾರಕ್ಕೆ ಒಂದು ಚೆಂಡಾದರೂ ಅತ್ತ ಹಾರುತ್ತಿತ್ತು. ಸ್ಟುಡಿಯೊದ ಕಾವಲುಗಾರ ಅದನ್ನು ಕೈಯಿಂದ ಎಸೆಯುವ ಬದಲು ತಾನೂ ಒಂದು ಸಲ ಒದೆಯುತ್ತಿದ್ದ. ಅದು ಗೋಡೆಗೆ ಬಡಿದು ಅವನ ಕಡೆಗೇ ಹಿಂದಿರುಗುವುದು ಸದ್ದಿನಿಂದಲೇ ನಮಗೆ ತಿಳಿಯುತ್ತಿತ್ತು. ಹುಡುಗಿಯರು ಈಚೆಯಿಂದ ಅವನಿಗೆ ಪಾಠ ಹೇಳುತ್ತಿದ್ದರು: ಪಾದದ ಒಳಭಾಗದಿಂದ ಹೊಡೀಬೇಡಿ ಅಣ್ಣಾ, ಅದು ಹತ್ತಿರದವರಿಗೆ ಪಾಸ್ ಕೊಡೋಕೆ.

ನಮ್ಮದು ತಿರುವಲ್ಲಿಕೇಣಿಯಲ್ಲಿ ನಾಲ್ಕು ತಲೆಮಾರು ಕಳೆದ ಕನ್ನಡ ಮನೆ. ಪೂಜೆಗೆ, ಊಟಕ್ಕೆ, ನಿದ್ದೆಗೆ ಎಲ್ಲಕ್ಕೂ ಗಡಿಯಾರ. ಆಮೇಲೆ ದೈಹಿಕ ಶಿಕ್ಷಣ ಕಾಲೇಜಿನ ಹಾಸ್ಟೆಲ್. ಅಲ್ಲಿ ಗಂಟೆ ಹೊಡೆದ ಮೇಲೂ ಹಾಸಿಗೆಯಲ್ಲಿ ಸಿಕ್ಕಿಬಿದ್ದವಳಿಗೆ ಮೈದಾನದ ಹತ್ತು ಸುತ್ತು. ಇದರಿಂದ ನನಗೆ ನಷ್ಟವಾಯಿತೆಂದು ನಾನು ಎಂದೂ ಅಂದುಕೊಂಡಿಲ್ಲ. ಎಪ್ಪತ್ತು ದಾಟಿದ ಮೇಲೂ ನೆಲದ ಮೇಲೆ ಕೂತವಳು ಕೈ ಊರದೆ ಏಳುತ್ತೇನೆ. ಆದರೆ ಅದೇ ಶಿಸ್ತಿನ ಭರದಲ್ಲಿ ನಾನು ಒಂದು ತಪ್ಪು ಮಾಡಿದೆ. ಅದರಿಂದ ಒಂದು ಮಗುವಿನ ಕಾಲಿಗೆ ಪೆಟ್ಟಾಯಿತು. ನನ್ನನ್ನು ತಿದ್ದಿದವರು ಇಬ್ಬರು. ಅವರನ್ನು ನೆನೆಯುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುವವರೆಗೆ ನಮ್ಮ ಶಾಲೆಯಲ್ಲಿ ಖೊಖೊ ಮತ್ತು ಥ್ರೋಬಾಲ್ ಬಿಟ್ಟರೆ ಬೇರೆ ಆಟವಿರಲಿಲ್ಲ. ಟಿವಿಯಲ್ಲಿ ನೋಡಿ ನೋಡಿ ಮಕ್ಕಳೇ ಫುಟ್ಬಾಲ್ ಬೇಕೆಂದರು. ನನಗೆ ಆ ಆಟ ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಗಂಡುಹುಡುಗರು ಆಡುವ ಮೈದಾನದ ಅಂಚಿನಲ್ಲಿ ನೋಟುಬುಕ್ಕು ಹಿಡಿದು ನಿಂತು ಕಲಿತೆ. ಚೆಂಡನ್ನು ತಡೆಯುವುದು, ತಿರುಗುವುದು, ಗೋಡೆಗೆ ಹೊಡೆದು ವಾಪಸು ಪಡೆಯುವುದು, ಹೀಗೆ ಒಂದೊಂದಾಗಿ ಬರೆದುಕೊಂಡು ಸೋಮವಾರ ಮಕ್ಕಳಿಗೆ ಕಲಿಸುತ್ತಿದ್ದೆ. ಆಟಕ್ಕೆ ಮುಂಚೆ ಮೈ ಬಿಸಿ ಮಾಡುವ ವಾರ್ಮಪ್ ವಿಷಯದಲ್ಲಿ ಮಾತ್ರ ಯಾರನ್ನೂ ಕೇಳಲಿಲ್ಲ. ಅದು ನನಗೆ ಗೊತ್ತಿದ್ದ ವಿದ್ಯೆ ಅಂದುಕೊಂಡಿದ್ದೆ. ಮೈದಾನಕ್ಕೆ ನಾಲ್ಕು ಸುತ್ತು ಓಟ, ಆಮೇಲೆ ಮೂರು ಸಾಲು. ಸೀಟಿ ಊದಿದರೆ ಬಗ್ಗಿ ಕಾಲ್ಬೆರಳು ಮುಟ್ಟಬೇಕು, ಇಪ್ಪತ್ತು ಎಣಿಸುವವರೆಗೆ ಅಲ್ಲಾಡಬಾರದು. ಮತ್ತೆ ಸೀಟಿ, ನೆಗೆತ. ಇಪ್ಪತ್ತೆರಡು ಪಾದಗಳು ಒಂದೇ ಸದ್ದಿನಲ್ಲಿ ನೆಲಕ್ಕೆ ಬೀಳಬೇಕು. ಬೀಳುತ್ತಿದ್ದವು. ಗೇಟಿನ ಹತ್ತಿರ ನಿಂತ ತಾಯಂದಿರು ಅದನ್ನು ನೋಡಿ ಮೆಚ್ಚುತ್ತಿದ್ದರು. ನಾನೂ ಮೆಚ್ಚಿಕೊಳ್ಳುತ್ತಿದ್ದೆ.

ನಮ್ಮ ತಂಡದಲ್ಲಿ ಮುಂದೆ ನಿಂತು ಗೋಲು ಹೊಡೆಯುತ್ತಿದ್ದವಳು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಅವಳ ತಂದೆ ಕುಂದಾಪುರದ ಕಡೆಯವರು. ಶಾಲೆಯಿಂದ ಎರಡು ಬೀದಿ ಆಚೆಯ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಹುಡುಗಿ ಹುಟ್ಟಿ ಬೆಳೆದದ್ದು ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು, ಇಬ್ಬರಿಗೂ ಅದೇ ಅಭ್ಯಾಸವಾಗಿತ್ತು. ಸದ್ಯ ಮಿಸ್ ಕನ್ನಡದಲ್ಲಿ ಬೈದರೆ ನಮಗೆ ಅರ್ಥವಾಗುವುದಿಲ್ಲ ಎಂದು ಉಳಿದವರು ನಗುತ್ತಿದ್ದರು.

ಆ ವರ್ಷ ಪೊಂಗಲ್ ರಜೆ ಮುಗಿದ ಮೇಲೆ ಶಾಲೆಗಳ ನಡುವೆ ಒಂದು ಪಂದ್ಯಾವಳಿ ನಡೆಯಿತು. ನಮ್ಮ ಪಂದ್ಯ ಏಳೂವರೆಗೆ. ನಾನು ಆರೂಮುಕ್ಕಾಲಿಗೆ ವಾರ್ಮಪ್ ಶುರುಮಾಡಿ ಏಳೂಕಾಲಿಗೆ ಮುಗಿಸಿದೆ. ಏಳು ಇಪ್ಪತ್ತಕ್ಕೆ ಎರಡೂ ತಂಡಗಳು ಮೈದಾನದ ನಡುವೆ ಸಾಲಾಗಿ ನಿಂತವು. ಮುಖ್ಯ ಅತಿಥಿ ಬಂದು ಕೈ ಕುಲುಕಿದ ಮೇಲೆಯೇ ಆಟ. ಅತಿಥಿ ಬಂದದ್ದು ಎಂಟು ಗಂಟೆ ಐದು ನಿಮಿಷಕ್ಕೆ. ಅಷ್ಟು ಹೊತ್ತೂ ತಣ್ಣನೆಯ ಗಾಳಿಯಲ್ಲಿ ನಮ್ಮ ಮಕ್ಕಳು ಅಟೆನ್ಷನ್‌ನಲ್ಲಿ ನಿಂತಿದ್ದರು. ಎದುರು ತಂಡದ ಹುಡುಗಿಯರು ಕಾಲು ಬದಲಿಸುತ್ತಿದ್ದರು, ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ನಮ್ಮವರು ರೆಪ್ಪೆ ಬಿಟ್ಟರೆ ಬೇರೇನೂ ಆಡಿಸಲಿಲ್ಲ. ನಾನು ಬದಿಯಲ್ಲಿ ನಿಂತು ಹೆಮ್ಮೆಪಡುತ್ತಿದ್ದೆ. ಆ ಹೆಮ್ಮೆ ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ. ಅದಕ್ಕೇ ಅದನ್ನೂ ಬರೆಯುತ್ತಿದ್ದೇನೆ.

ಕೈ ಕುಲುಕುವುದು, ಭಾಷಣ, ಫೋಟೊ ಮುಗಿದ ಕೂಡಲೇ ರೆಫರಿ ಸೀಟಿ ಊದಿದರು. ಆಟ ಆರಂಭವಾಗಿ ಆರನೇ ನಿಮಿಷ. ಎತ್ತರದಿಂದ ಬಂದ ಚೆಂಡಿಗೆ ನಮ್ಮ ಹುಡುಗಿ ನೆಗೆದಳು. ಅವಳ ಹತ್ತಿರ ಯಾರೂ ಇರಲಿಲ್ಲ. ಒಬ್ಬಳೇ ನೆಗೆದು, ಒಬ್ಬಳೇ ಬಲಗಾಲಿನ ಮೇಲೆ ಇಳಿದು, ಕುಸಿದಳು. ಕೂಗಲಿಲ್ಲ. ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದಳು, ಏಳಬಹುದೇ ಎಂದು ಅಪ್ಪಣೆ ಕೇಳುವವಳ ಹಾಗೆ.

ಮೊಣಕಾಲಿನ ಲಿಗಮೆಂಟ್ ಅರ್ಧ ಹರಿದಿತ್ತು. ಶಸ್ತ್ರಚಿಕಿತ್ಸೆ ಬೇಡ, ಆದರೆ ತಿಂಗಳುಗಟ್ಟಲೆ ಓಡುವ ಹಾಗಿಲ್ಲ, ಆಮೇಲೆ ಆಡುವುದು ಕಾಲು ಹೇಗೆ ಗುಣವಾಗುತ್ತದೆ ಅನ್ನುವುದರ ಮೇಲೆ, ಎಂದರು ಡಾಕ್ಟರು. ಮತ್ತೊಮ್ಮೆ ಅದೇ ಕಾಲಿಗೆ ಪೆಟ್ಟಾದರೆ ಕಷ್ಟ ಎಂದೂ ಹೇಳಿದರು. ಅವಳನ್ನು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು. ಆಕೆಗೆ ಇಪ್ಪತ್ತೈದು ಇದ್ದಿರಬಹುದು. ನನ್ನ ಶಿಷ್ಯೆಯರಿಗಿಂತ ಸ್ವಲ್ಪ ದೊಡ್ಡವಳು, ಅಷ್ಟೆ. ಕೆಲವು ವಾರಗಳಾದ ಮೇಲೆ ನಾನೂ ಜೊತೆಗೆ ಹೋದಾಗ ಆಕೆ ಹುಡುಗಿಯನ್ನು ಒಂದು ಗಿಡ್ಡ ಸ್ಟೂಲಿನ ಮೇಲೆ ನಿಲ್ಲಿಸಿ, ಪೆಟ್ಟಾಗದ ಎಡಗಾಲಿನ ಮೇಲೆ ಭಾರ ಬಿಟ್ಟು ನಿಧಾನವಾಗಿ ಕುಗ್ಗಲು ಹೇಳಿದಳು. ಒಳ್ಳೆಯ ಕಾಲಿನ ಮೊಣಕಾಲೂ ಒಳಕ್ಕೆ ವಾಲಿತು.

“ಇವಳನ್ನು ಎಷ್ಟು ವರ್ಷದಿಂದ ನೋಡ್ತಿದೀರಿ, ಮಿಸ್?” ಆಕೆ ತಮಿಳಿನಲ್ಲಿ ಕೇಳಿದಳು.

ಮೂರು ವರ್ಷ ಎಂದೆ.

“ನನಗೆ ಎರಡು ನಿಮಿಷ ಸಾಕಾಯ್ತು.”

ನನಗೆ ಸಿಟ್ಟು ಬಂತು. ನಮ್ಮ ವಾರ್ಮಪ್ ಎಷ್ಟು ಕ್ರಮವಾಗಿದೆ ಎಂದು ವಿವರಿಸಿದೆ, ಒಂದೇ ಸದ್ದಿನಲ್ಲಿ ಇಳಿಯುವುದನ್ನೂ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ನೀವು ಸದ್ದು ಕೇಳುತ್ತೀರಿ, ಸಾಲು ನೋಡುತ್ತೀರಿ, ಮೊಣಕಾಲು ನೋಡುವುದಿಲ್ಲ, ಹೀಗೆ ಒಳಕ್ಕೆ ವಾಲುವ ಮೊಣಕಾಲಿಗೇ ಬೇಗ ಪೆಟ್ಟಾಗುವುದು ಎಂದಳು. ಬಗ್ಗಿ ಇಪ್ಪತ್ತು ಎಣಿಸುವುದು ಆಟವಾದ ಮೇಲೆ ಇರಲಿ. ಆಟಕ್ಕೆ ಮುಂಚೆ ಆಟದಲ್ಲಿ ಮಾಡುವುದನ್ನೇ ಮೆಲ್ಲಗೆ ಮಾಡಿಸಬೇಕು: ಓಡುವುದು, ನಿಲ್ಲುವುದು, ತಿರುಗುವುದು, ನೆಗೆದು ಮೆತ್ತಗೆ ಇಳಿಯುವುದು. ಇದನ್ನೆಲ್ಲ ಮಾಡಿಸಿದ್ದರೆ ಇವಳಿಗೆ ಪೆಟ್ಟಾಗುತ್ತಲೇ ಇರಲಿಲ್ಲ ಎಂದು ಯಾರೂ ಆಣೆ ಮಾಡಿ ಹೇಳಲಾರರು, ಆದರೆ ಮುಂದಿನವಳಿಗೆ ಆಗುವುದನ್ನು ಕಡಿಮೆ ಮಾಡಬಹುದು ಎಂದಳು. ಆಕೆ ಸುಳ್ಳು ಸಮಾಧಾನ ಹೇಳಲಿಲ್ಲ, ಸುಳ್ಳು ಆರೋಪವನ್ನೂ ಮಾಡಲಿಲ್ಲ. ನನ್ನ ಸಿಟ್ಟು ಬಸ್ಸು ಹತ್ತುವ ಹೊತ್ತಿಗೆ ಇಳಿದಿತ್ತು.

ಹುಡುಗಿಯ ತಂದೆಯನ್ನು ಕಾಣುವುದು ಬಾಕಿ ಇತ್ತು. ಒಂದು ದಿನ ಮಧ್ಯಾಹ್ನ ಮೂರಕ್ಕೆ, ಅಡುಗೆಮನೆ ಬಿಡುವಾಗಿರುವ ಹೊತ್ತು ನೋಡಿಕೊಂಡು, ಹೋಟೆಲಿನ ಹಿಂದಿನ ಬಾಗಿಲಿಗೆ ಹೋದೆ. ಅವರು ತೆಂಗಿನಕಡ್ಡಿಯ ಪೊರಕೆಯಿಂದ ದೋಸೆಯ ಕಾವಲಿ ಉಜ್ಜುತ್ತಿದ್ದರು. ನನ್ನನ್ನು ಕಂಡು ಒಂದು ಸ್ಟೂಲು ಒರೆಸಿ ಇಟ್ಟರು.

“ಕೂತ್ಕೊಳ್ಳಿ ಟೀಚರ್. ಮೊದ್ಲು ಕಾಫಿ, ಮಾತು ಮತ್ತೆ.”

ಕಾಫಿ ಆಯಿತು. ಕ್ಷಮೆ ಕೇಳಲು ಹೋದವಳು ನಾನು. ಆದರೆ ಬಾಯಿಂದ ಬಂದದ್ದು ವರದಿ. ಆರೂಮುಕ್ಕಾಲಿಗೆ ಇದು, ಏಳೂಕಾಲಿಗೆ ಅದು, ಏಳು ಇಪ್ಪತ್ತಕ್ಕೆ ಸಾಲು, ಎಂಟು ಐದಕ್ಕೆ ಅತಿಥಿ, ಎಂಟೂಕಾಲಿಗೆ ಆಟ. ಅವರು ಕಾವಲಿಯನ್ನು ನೋಡುತ್ತಲೇ ಕೇಳಿಸಿಕೊಂಡರು.

“ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ,” ಎಂದರು. “ನಾನು ಕಾವಲಿ ಸಮಾ ಕಾಯಿಸಿ, ಒಲೆ ಆರಿಸಿ, ಮುಕ್ಕಾಲು ಗಂಟೆ ಬಿಟ್ಟು ಹಿಟ್ಟು ಹೊಯ್ದ್ರೆ ದೋಸೆ ಏಳ್ತದಾ?”

ಇಲ್ಲ ಎಂದೆ.

“ಮತ್ತೆ?”

ಅವರಿಗೆ ಉತ್ತರ ಕೊಡಲು ನನಗೆ ಒಂದೇ ಮಾತು ಸಿಕ್ಕಿತು. ಅತಿಥಿ ಬರುವ ಮೊದಲೇ ತಂಡ ಸಾಲಿನಲ್ಲಿರಬೇಕು, ಅದು ರೂಲ್ಸು ಎಂದೆ.

“ರೂಲ್ಸು ನಮ್ಮಲ್ಲೂ ಉಂಟು. ಗಿರಾಕಿ ಲೇಟಂತ ನಾವು ಒಲೆ ಆರಿಸುದಿಲ್ಲ ಮಾರಾಯ್ರೆ. ಸಣ್ಣ ಮಾಡಿ ಇಟ್ಕೊಳ್ತೇವೆ.”

ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಒಂದು ಪಾಠವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ್ದು ನೆನಪಿಲ್ಲ. ಬೈಯಬಹುದಾಗಿದ್ದ ಮನುಷ್ಯ ಬೈಯದೆ, ತಮ್ಮ ಕೆಲಸದ ಒಳಗಿನಿಂದ ಒಂದು ತಿಳಿವಳಿಕೆ ತೆಗೆದು ನನ್ನ ಕೈಗಿಟ್ಟರು. ಅದಕ್ಕೆ ನಾನು ಇಂದಿಗೂ ಋಣಿ. ಆಗ ಲೋಟ ಎತ್ತಿ ತೊಟ್ಟಿಯ ಹತ್ತಿರ ಇಟ್ಟು ಬಂದೆ.

ಹೊರಡುವಾಗ ಅವರು ಬಾಗಿಲವರೆಗೆ ಬಂದರು. ಮಗಳಿಗೆ ಮತ್ತೆ ಆಡಲೇಬೇಕಂತೆ, ಅವಳ ತಾಯಿ ಖಡಾಖಂಡಿತ ಬೇಡ ಅನ್ನುತ್ತಿದ್ದಾಳೆ ಎಂದರು.

“ನಾನು ಬೇಡ ಹೇಳುದಿಲ್ಲ. ಅವಳಮ್ಮನಿಗೆ ಗ್ಯಾರಂಟಿ ಕೊಟ್ಟು ಒಪ್ಪಿಸ್ತೇನೆ. ಆದ್ರೆ ಇನ್ನೊಂದ್ಸಲ ಆ ಕಾಲು ಹೋದ್ರೆ ನಾನು ಮನೆಗೆ ಹೋಗುದು ಹೇಗೆ? ನೀವು ನೋಡ್ಕೊಳ್ತೀರಾ ಟೀಚರ್?”

“ನೋಡ್ಕೋತೀನಿ,” ಎಂದೆ.

ಅವತ್ತಿನಿಂದ ಒಂದು ವರ್ಷ ಆ ಒಂದು ಮಾತೇ ನನ್ನ ಟೈಮ್‌ಟೇಬಲ್ ಆಯಿತು.

ಫಿಸಿಯೋಥೆರಪಿಸ್ಟ್ ಮೂರು ಶನಿವಾರ ತನ್ನ ರಜೆಯಲ್ಲಿ ನಮ್ಮ ಮೈದಾನಕ್ಕೆ ಬಂದಳು. ಒಂಟಿ ಕಾಲಿನಲ್ಲಿ ನಿಂತು ಎದುರಿನವಳಿಗೆ ಚೆಂಡು ಎಸೆಯುವುದು, ಒಂದೇ ಕಾಲಿನಲ್ಲಿ ಮುಂದಕ್ಕೆ ನೆಗೆದು ಮೂರು ಎಣಿಸುವವರೆಗೆ ಅಲುಗದೆ ನಿಲ್ಲುವುದು, ಪಕ್ಕಕ್ಕೆ ಓಡಿ ಸೀಟಿಗೆ ತಿರುಗುವುದು, ನೆಲದ ಮೇಲೆ ಮೊಣಕೈ ಊರಿ ಹಲಗೆಯ ಹಾಗೆ ಇರುವುದು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಮೊದಲ ದಿನ ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ಡಾನ್ಸ್ ಕ್ಲಾಸಾ ಮಿಸ್, ಗೆಜ್ಜೆ ತರಬೇಕಾ ಎಂದು ಕೇಳಿದರು. ಆಕೆ ಅವರನ್ನು ಇಬ್ಬಿಬ್ಬರಾಗಿ ಎದುರುಬದುರು ನಿಲ್ಲಿಸಿದಳು. ಒಬ್ಬಳು ನೆಗೆದು ಇಳಿಯುವಾಗ ಇನ್ನೊಬ್ಬಳು ಅವಳ ಮೊಣಕಾಲನ್ನೇ ನೋಡಬೇಕು. ಅದು ಒಳಕ್ಕೆ ವಾಲಿದರೆ ತಮಿಳಿನಲ್ಲಿ “ಉಳ್ಳೆ” ಎಂದು, ಅಂದರೆ ಒಳಗೆ ಎಂದು, ಕೂಗಬೇಕು. ಆ ಬೆಳಿಗ್ಗೆ ಮೈದಾನವೆಲ್ಲ ಉಳ್ಳೆ, ಉಳ್ಳೆ. ಗೋಡೆಯಾಚೆಯ ಕಾವಲುಗಾರ ಏನಾಯಿತೋ ಎಂದು ಏಣಿ ಹತ್ತಿ ನೋಡಿದ.

ನನಗೆ ಕಷ್ಟವಾದದ್ದು ಸೀಟಿ. ಪ್ರತಿಯೊಬ್ಬಳೂ ತನ್ನ ತನ್ನ ವೇಗದಲ್ಲಿ ಇಳಿಯಬೇಕು, ನೀವು ಎಣಿಸಬೇಡಿ ಎಂದಿದ್ದಳು ಆಕೆ. ಹನ್ನೊಂದು ಜನ ಹನ್ನೊಂದು ಹೊತ್ತಿಗೆ ನೆಲಕ್ಕೆ ಇಳಿಯುವುದನ್ನು ನೋಡುವುದು ನನಗೆ ಹಲ್ಲುನೋವಿನ ಹಾಗಿತ್ತು. ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸುಮ್ಮನಿರುವುದನ್ನು ಕಲಿತೆ. ನೋಟುಬುಕ್ಕಿನಲ್ಲಿ ಒಬ್ಬೊಬ್ಬಳಿಗೂ ಒಂದು ಪುಟ ಮಾಡಿದೆ: ಇವಳ ಎಡ ಮೊಣಕಾಲು ವಾಲುತ್ತದೆ, ಇವಳು ಹಿಮ್ಮಡಿಯ ಮೇಲೆ ಇಳಿಯುತ್ತಾಳೆ, ಇವಳು ತಿರುಗುವಾಗ ಮೈ ಮೊದಲು ಹೋಗಿ ಕಾಲು ಆಮೇಲೆ ಹೋಗುತ್ತದೆ. ಕ್ರಮ ಹೋಗಲಿಲ್ಲ, ನೋಡುವ ಜಾಗ ಬದಲಾಯಿತು. ಆಟವೂ ಬದಲಾಯಿತು. ಒಂಟಿ ಕಾಲಿನಲ್ಲಿ ಗಟ್ಟಿಯಾಗಿ ನಿಲ್ಲಬಲ್ಲವಳು ಇನ್ನೊಂದು ಕಾಲಿನಿಂದ ಚೆಂಡನ್ನು ತನಗೆ ಬೇಕಾದಲ್ಲಿಗೆ ಕಳಿಸಬಲ್ಲಳು ಎಂಬುದು ನಾನು ಬರೆದುಕೊಂಡ ಯಾವ ಟಿಪ್ಪಣಿಯಲ್ಲೂ ಇರಲಿಲ್ಲ.

ಅದನ್ನು ತೋರಿಸಿಕೊಟ್ಟವಳು ಪೆಟ್ಟಾದ ಹುಡುಗಿಯೇ. ಓಡಲು ಅಪ್ಪಣೆ ಇಲ್ಲದ ತಿಂಗಳುಗಳಲ್ಲಿ ಅವಳಿಗೆ ಬಲಗಾಲಿನ ಮೇಲೆ ನಿಂತು ಅದನ್ನು ಬಲಪಡಿಸುವ ಕೆಲಸ ಕೊಟ್ಟಿದ್ದರು. ಸುಮ್ಮನೆ ನಿಲ್ಲಲು ಬೇಸರವಾಗಿ ಎಡಗಾಲಿನಿಂದ ಗೋಡೆಗೆ ಚೆಂಡು ತಟ್ಟತೊಡಗಿದಳು. ದಿನಕ್ಕೆ ನೂರು, ಆಮೇಲೆ ಇನ್ನೂರು. ಮೊದಲು ಅವಳ ಎಡಗಾಲು ಬರೀ ಊರುವುದಕ್ಕೆ ಮಾತ್ರ ಇತ್ತು. ಹತ್ತು ತಿಂಗಳ ನಂತರ ಫಿಸಿಯೋಥೆರಪಿಸ್ಟ್ ಅವಳನ್ನು ನೆಗೆಸಿ, ತಿರುಗಿಸಿ, ಸ್ಟೂಲಿನಿಂದ ಇಳಿಸಿ ನೋಡಿ, ಆಡಬಹುದು ಎಂದಳು. ನನ್ನ ಕಡೆ ತಿರುಗಿ, ತಣ್ಣಗಾದ ಕಾಲಲ್ಲಿ ಮಾತ್ರ ಆಟಕ್ಕೆ ಇಳಿಸಬೇಡಿ ಎಂದಳು.

ಮತ್ತೆ ಜನವರಿ, ಮತ್ತೆ ಅದೇ ಪಂದ್ಯಾವಳಿ. ಅತಿಥಿ ಗೇಟಿನೊಳಗೆ ಬಂದ ಮೇಲೆ ನಮ್ಮ ತಂಡ ಸಾಲಿಗೆ ಬರುತ್ತದೆ, ಅಲ್ಲಿಯವರೆಗೆ ವಾರ್ಮಪ್ ಮಾಡುತ್ತಿರುತ್ತದೆ ಎಂದು ಪಂದ್ಯಾವಳಿಯ ಕಾರ್ಯದರ್ಶಿಗೆ ಮೊದಲೇ ಕಾಗದ ಬರೆದಿದ್ದೆ. ಉತ್ತರ ಬರಲಿಲ್ಲ. ಒಪ್ಪಿಗೆ ಎಂದು ತಿಳಿದುಕೊಂಡೆ. ಅಂದು ಏಳೂಕಾಲಿಗೆ ಕಾರ್ಯದರ್ಶಿ ನೇರ ನನ್ನ ಹತ್ತಿರ ಬಂದರು. ಸೌಕಾರ್‌ಪೇಟೆಯ ಜವಳಿ ವ್ಯಾಪಾರಿಯೊಬ್ಬರು ಈ ವರ್ಷದ ಅತಿಥಿ, ಕಪ್ ಕೊಟ್ಟವರೂ ಅವರೇ, ಯಾವ ಕ್ಷಣದಲ್ಲಾದರೂ ಬರಬಹುದು, ತಂಡವನ್ನು ನಿಲ್ಲಿಸಿ ಎಂದರು. ನಾನು ಕಾಗದದ ವಿಷಯ ಹೇಳಿದೆ. ಸಾಲಿನಲ್ಲಿ ಇಲ್ಲದ ತಂಡವನ್ನು ಗೈರುಹಾಜರು ಎಂದು ಬರೆದು ಎದುರು ತಂಡಕ್ಕೆ ಗೆಲುವು ಕೊಡುತ್ತೇನೆ ಎಂದರು. ಹೇಳಿದ ಹಾಗೆ ಮಾಡುವ ಮನುಷ್ಯ. ಅವರ ಜಾಗದಲ್ಲಿದ್ದರೆ ಹಿಂದಿನ ವರ್ಷದ ನಾನೂ ಅದನ್ನೇ ಮಾಡುತ್ತಿದ್ದೆ.

ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ವರ್ಷವಿಡೀ ಕಾದ ಪಂದ್ಯ ಕೈತಪ್ಪುತ್ತದೆ ಎಂಬ ಭಯ ಅವಳ ಮುಖದಲ್ಲಿತ್ತು. “ನಾನ್ ನಿಕ್ಕಿರೇನ್ ಮಿಸ್,” ಎಂದಳು. ನಿಂತುಕೊಳ್ಳುತ್ತೇನೆ, ಏನೂ ಆಗುವುದಿಲ್ಲ, ಕಳೆದ ಸಲದ್ದು ಬೇರೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

ಸಾಲು ತಪ್ಪಿಸಿದರೆ ಆಟವಿಲ್ಲ. ಸಾಲಿನಲ್ಲಿ ನಿಲ್ಲಿಸಿದರೆ ಆ ಕಾಲಿಗೆ ಅಪಾಯ. ನಾನು ಕೊಟ್ಟ ಮಾತು ಕಾಲಿನದ್ದು, ಆಟದ್ದಲ್ಲ. ಅವಳನ್ನು ಹೊರಗೆ ಕೂರಿಸುವುದು ಎಂದು ತೀರ್ಮಾನ ಮಾಡಿಯೇ ಬಿಟ್ಟಿದ್ದೆ, ಹೇಳಲು ಬಾಯಿಯನ್ನೂ ತೆರೆದಿದ್ದೆ. ಆಗ ಹೊಳೆಯಿತು: ರೂಲ್ಸು ಸಾಲಿನಲ್ಲಿರಬೇಕು ಎನ್ನುತ್ತದೆ, ಅಲ್ಲಾಡಬಾರದು ಎನ್ನುವುದಿಲ್ಲ. ಅಲ್ಲಾಡಬಾರದು ಎನ್ನುವುದು ನನ್ನ ರೂಲ್ಸು.

“ಎಲ್ಲರೂ ಸಾಲಿಗೆ ಹೋಗಿ,” ಎಂದೆ. “ಅಲ್ಲಿ ಸುಮ್ಮನೆ ಮಾತ್ರ ನಿಲ್ಲಬೇಡಿ.”

ಅವರು ನಂಬಲಿಲ್ಲ. ಎರಡನೇ ಸಲ ತಮಿಳಿನಲ್ಲೂ ಹೇಳಬೇಕಾಯಿತು.

ಮೈದಾನದ ನಡುವೆ ಹನ್ನೊಂದು ಜನರ ನೆಟ್ಟಗಿನ ಸಾಲು, ಅದರಲ್ಲಿ ಒಬ್ಬಳೂ ನೆಲಕ್ಕೆ ಎರಡು ಕಾಲು ಊರಿ ನಿಂತಿಲ್ಲ. ಒಬ್ಬಳು ಕುಗ್ಗುತ್ತಿದ್ದಾಳೆ, ಒಬ್ಬಳು ಒಂಟಿ ಕಾಲಿನಲ್ಲಿ ನೆಗೆಯುತ್ತಿದ್ದಾಳೆ, ಪಕ್ಕದವಳು ಅವಳ ಮೊಣಕಾಲು ನೋಡಿ ಉಳ್ಳೆ ಎಂದು ಪಿಸುಗುಡುತ್ತಿದ್ದಾಳೆ. ಕಾರ್ಯದರ್ಶಿ ನನ್ನ ಕಡೆ ದುರುಗುಟ್ಟಿ ನೋಡಿದರು. ಸಾಲು ಸರಿಯಾಗಿದೆಯಲ್ಲ ಸಾರ್ ಎಂದೆ. ಎದುರು ತಂಡದವರು ಮೊದಲು ನಕ್ಕರು. ಇಪ್ಪತ್ತು ನಿಮಿಷವಾದ ಮೇಲೆ ಚಳಿಗೆ ಅವರೂ ಕುಣಿಯತೊಡಗಿದರು. ಎಂಟಕ್ಕೆ ಎರಡು ನಿಮಿಷ ಇರುವಾಗ ವ್ಯಾಪಾರಿ ಬಂದರು. ನೆಗೆಯುತ್ತಿದ್ದ ಇಪ್ಪತ್ತೆರಡು ಹುಡುಗಿಯರ ಕೈ ಕುಲುಕುವುದು ಸುಲಭವಲ್ಲ. ಒಂದೆರಡು ಕೈ ಅವರಿಗೆ ಸಿಗಲೇ ಇಲ್ಲ. ತಮ್ಮ ಹೊಟ್ಟೆ ಮುಟ್ಟಿಕೊಂಡು, ನನಗೂ ಕಲಿಸಿಕೊಡಿ ಎಂದರಷ್ಟೆ. ಭಾಷಣವನ್ನೂ ಚಿಕ್ಕದು ಮಾಡಿದರು. ಅವರಿಗೂ ನನ್ನ ನಮಸ್ಕಾರ.

ಆಟದಲ್ಲಿ ನಾನು ನೋಡಿದ್ದು ಒಂದೇ ಒಂದು ಮೊಣಕಾಲು. ಹನ್ನೆರಡನೇ ನಿಮಿಷದಲ್ಲಿ ಅವಳು ಎತ್ತರದ ಚೆಂಡಿಗೆ ನೆಗೆದಳು. ಎರಡೂ ಪಾದಗಳ ಮೇಲೆ, ಮೊಣಕಾಲು ಬಗ್ಗಿಸಿ, ಬೆಕ್ಕು ಕಟ್ಟೆಯಿಂದ ಇಳಿದ ಹಾಗೆ ಇಳಿದು ಓಡಿದಳು. ದ್ವಿತೀಯಾರ್ಧದಲ್ಲಿ ಎಡಗಾಲಿನಿಂದ ಒಂದು ಗೋಲು ಹೊಡೆದಳು. ಆದರೂ ನಾವು ಎರಡಕ್ಕೆ ಒಂದರಲ್ಲಿ ಸೋತೆವು.

ಅವಳು ಗ್ಯಾಲರಿಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾಗ ತಂದೆ ಬಂದರು. ಬೆಳಗಿನ ತಿಂಡಿಯ ಗದ್ದಲದ ನಡುವೆ ಬೇರೆಯವರನ್ನು ಕಾವಲಿಯ ಮುಂದೆ ನಿಲ್ಲಿಸಿ ಬಂದಿದ್ದರು. ಅಂಗಿಯ ಮೇಲೆ ಹಿಟ್ಟು ಇನ್ನೂ ಹಸಿಯಾಗಿತ್ತು. ಅವಳು ಅವರನ್ನು ಕಂಡು ಸೋತದ್ದನ್ನು ಹೇಳತೊಡಗಿದಳು.

“ಅದಿರ್ಲಿ. ನಡಿ ನೋಡುವ.”

ಅವಳು ಮೂಗು ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಹತ್ತು ಹೆಜ್ಜೆ ನಡೆದು ಬಂದಳು. ಇನ್ನೊಂದ್ಸಲ ಎಂದರು. ಮತ್ತೆ ನಡೆದಳು. ಅವರು ನನಗೆ ಕೈ ಮುಗಿಯಲು ಬಂದರು. ನಾನೇ ಮೊದಲು ಮುಗಿದೆ.

ಗೇಟಿನ ಎದುರಿಗೆ ಒಂದು ಎಸ್.ಟಿ.ಡಿ. ಬೂತ್ ಇತ್ತು. ಅವರು ಒಳಗೆ ಹೋಗಿ, ಮನೆಯ ಕೆಳಗಿನ ಅಂಗಡಿಗೆ ಫೋನು ಮಾಡಿ, ಹೆಂಡತಿಯನ್ನು ಕರೆಸಿಕೊಳ್ಳುವವರೆಗೆ ಕಾದರು. ಬೂತಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ.

“ಸರಿ ಉಂಟು,” ಅನ್ನುತ್ತಿದ್ದರು. “ಹೌದು, ನಾನೇ ನಿಂತು ನೋಡಿದ್ದು. ಎರಡೂ ಕಾಲು. ಇಲ್ಲ ಮಾರಾಯ್ತಿ, ಕುಂಟುದಿಲ್ಲ. ಎಂತ? ಆಟವಾ? ಯಾರು ಗೆದ್ದದ್ದು ಅಂತ ನಾನು ಕೇಳ್ಲೇ ಇಲ್ಲ.”